ಗುಂಡಿ ಮೇಷ್ಟ್ರು ಅಳಿಸದ ತಡೆ
ನಮ್ಮ ಡಬ್ಬಿ ಕಾರ್ಖಾನೆಯಲ್ಲಿ ಯಂತ್ರಗಳ ಸರದಿ ಗೊತ್ತುಮಾಡುವ ಎಂಜಿನಿಯರನ್ನು ಎಲ್ಲರೂ ಗುಂಡಿ ಮೇಷ್ಟ್ರು ಎನ್ನುತ್ತಾರೆ. ಹಾಳೆಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ವೃತ್ತ ಬರೆದು, ಅಂಗಿಯ ಗುಂಡಿಗಳನ್ನು ವೃತ್ತದಿಂದ ವೃತ್ತಕ್ಕೆ ನಡೆಸುತ್ತಾರೆ; ಗುಂಡಿ ಯಾವ ವೃತ್ತದಲ್ಲಿದೆಯೋ ಆ ಕೆಲಸ ನಡೆಯುತ್ತಿದೆ ಎಂದು ಲೆಕ್ಕ. ಎರಡು ಯಂತ್ರಗಳು ಒಂದನ್ನೊಂದು ಕಾಯುತ್ತ ನಿಂತುಬಿಟ್ಟರೆ "ಬೀಗರ ಥರ ಉಪಚಾರ ಸಾಕು, ಯಾರಾದ್ರೂ ಒಬ್ರು ಮುಂದೆ ಹೋಗಿ" ಎಂದು ಹಾಳೆಯನ್ನೇ ಗದರುತ್ತಾರೆ. ಇದು ಮುಗಿಯದೆ ಅದು ಶುರುವಾಗಕೂಡದು ಎಂಬಂಥ ಬೇಡದ ತಡೆಗಳನ್ನೆಲ್ಲ ಹಾಳೆಯಿಂದ ಅಳಿಸಿ, ಲೆಕ್ಕ ಕಟ್ಟಿ, ಆದಷ್ಟು ಚುರುಕಾದ ಸರದಿ ಹುಡುಕುವ ಈ ಮನುಷ್ಯ ಒಂದು ತಡೆಯನ್ನು ಮಾತ್ರ ಮುಟ್ಟಗೊಡುವುದಿಲ್ಲ: ಯಂತ್ರ ಒರೆಸುವವರ ವೃತ್ತದಲ್ಲಿ ಗುಂಡಿ ಇರುವಷ್ಟು ಹೊತ್ತು ಯಾವ ಯಂತ್ರವೂ ಓಡಕೂಡದು. "ಅದೊಂದನ್ನ ತೆಗೆದ್ರೆ ದಿನಕ್ಕೆ ನಲವತ್ತು ಡಬ್ಬಿ ಜಾಸ್ತಿ ಬರುತ್ತೆ ಕಣ್ರೀ" ಎಂದು ಮ್ಯಾನೇಜರು ಗೋಗರೆದರೆ, "ಬೇಕಾದ್ರೆ ನನ್ನನ್ನ ತೆಗೀರಿ, ಅದು ಇರುತ್ತೆ" ಎನ್ನುತ್ತಾರೆ. ಆ ವೃತ್ತದಲ್ಲಿಡುವ ಗುಂಡಿ ಅವರದೇ ಅಂಗಿಯ ಎಡತೋಳಿನದು. ಆ ತೋಳಿನ ತುದಿಯಲ್ಲಿ ಈಗ ಕೈಯಿಲ್ಲ.