ಒಂದು ಸೀಟು, ಮೂರು ಬಣ್ಣ

ಗೆಳೆಯರೇ, ಇವತ್ತು ದೊಡ್ಡಬಳ್ಳಾಪುರದ ನಮ್ಮ ಆಫೀಸಿನಲ್ಲಿ ಆಟೊ ಸೀಟಿಗಾಗಿ ಜಗಳವಾಯಿತು. ಕಂಪ್ಯೂಟರಿನ ಮೂರು ಆಯಾಮದ ಚಿತ್ರಗಳಿಗೆ ಭಾಗಕ್ಕೊಂದು ಬಣ್ಣ ಬಳಿಯುವುದು ನಮ್ಮ ಕೆಲಸ. ಯಾವುದು ಕಾಲು, ಯಾವುದು ಹಿಡಿಕೆ ಎಂದು ಯಂತ್ರ ಅದರಿಂದ ಕಲಿಯುತ್ತದಂತೆ. ಹೊಸಬ ನಾಗರಾಜು ಆಟೊ ಚಿತ್ರದಲ್ಲಿ ಡ್ರೈವರ್ ಸೀಟನ್ನೇ ಮೂರು ಭಾಗ ಮಾಡಿ, ನಡುವಿನದು ಡ್ರೈವರಿಗೆ, ಎರಡು ಬದಿ ಪ್ರಯಾಣಿಕರಿಗೆ ಎಂದು ಬರೆದಿದ್ದ. ಇನ್ನೊಂದು ತಪ್ಪಾದರೆ ಅವನ ಕೆಲಸ ಹೋಗುತ್ತದೆ.

ತಪಾಸಣೆಯ ಮೇಡಂ ಬೆಂಗಳೂರಿನಿಂದ ವಿಡಿಯೊ ಕರೆ ಮಾಡಿದರು.

“ಏನ್ರೀ ಇದು? ಅದು ಡ್ರೈವರ್ ಒಬ್ಬರ ಸೀಟು.”

“ಇಲ್ಲ ಮೇಡಂ, ನಾನು ದಿನಾ ಅಲ್ಲೇ ಕೂತ್ಕೊಂಡ್ ಬರೋದು.”

“ಆ ಕಡೆ ಒಬ್ರು, ಈ ಕಡೆ ಒಬ್ರು ಕೂತ್ರೆ ಡ್ರೈವರ್ ಎಲ್ಲಿ ಕೂರ್ತಾರೆ?”

“ಅವ್ನು ಕೂರಲ್ಲ ಮೇಡಂ, ಮಧ್ಯ ಸಿಕ್ಕಾಕ್ಕೊಂಡಿರ್ತಾನೆ.”

ನಾನು ಮೈಕ್ ಆಫ್ ಮಾಡಿ, “ಒಂದೇ ಬಣ್ಣ ಬಳಿಯಪ್ಪಾ, ಕೆಲಸ ಉಳಿಸ್ಕೋ” ಎಂದೆ. ನಾಗರಾಜು ಮನಸ್ಸಿಲ್ಲದೆ ಬಳಿದ. ಮೇಡಂ ಒಪ್ಪಿದರು, ಕೆಲಸ ಉಳಿಯಿತು.

ಹೀಗಾಗಿ ಯಂತ್ರದ ಪ್ರಕಾರ ಆಟೊದ ಮುಂದೆ ಒಬ್ಬನೇ ಆಸಾಮಿ. ಆ ಯಂತ್ರ ನಮ್ಮೂರಿಗೆ ಬಂದಾಗ ಹಿಂದಿನ ಸೀಟು ತುಂಬಿದ್ದರೆ, ನಡೆದೇ ಹೋಗಬೇಕು ಸ್ವಾಮಿ.