ಸಂಘದ ಮೇಲೆ ಕೇಸು ಹಾಕಿದ ರೀನಸ್

ಡಚ್ಚರ ಊರು ಹಾರ್ಲೆಮ್‌ನಲ್ಲಿ ಅಮೂಲ್ಯಾಳ ಪಕ್ಕದ ಮನೆಯ ರೀನಸ್ ಒಂದು ಕಾಲದ ವೃತ್ತಿಪರ ಫುಟ್‌ಬಾಲ್ ಆಟಗಾರರು. ತಮ್ಮ ಹಳೆಯ ಫೋಟೋವನ್ನು ಒಂದು ಮಾತೂ ಕೇಳದೆ ವಿಡಿಯೋ ಗೇಮಿಗೆ ಕೊಟ್ಟರೆಂದು ಆಟಗಾರರ ಸಂಘದ ಮೇಲೆಯೇ ಕೇಸು ಹಾಕಿದ್ದರು. ಸೈಕಲ್ಲಿಗೆ ಗಾಳಿ ಹೊಡೆಯುವಾಗಲೂ ಸಂಘಕ್ಕೆ ಬೈಗುಳ, ಬೇಲಿಯಾಚೆ ಬೆಕ್ಕು ಸಿಕ್ಕರೆ ಅದಕ್ಕೂ ಕೇಸಿನ ಪುರಾಣ. ಕೊನೆಗೆ ವಿಚಾರಣೆಯ ದಿನ ಸಂಘ ತಪ್ಪೊಪ್ಪಿಕೊಂಡು ರಾಜಿಗೆ ಬಂತು. ಜೊತೆಗೆ ಹೋಗಿದ್ದ ಅಮೂಲ್ಯಾ, ಇವರಿನ್ನು ಕುಣಿದಾಡುತ್ತಾರೆ ಎಂದುಕೊಂಡಳು. ರೀನಸ್ ನೇರವಾಗಿ ಸಂಘದ ವೃದ್ಧ ವಕೀಲರ ಬಳಿಗೆ ಹೋಗಿ, ಅವರ ಎರಡೂ ಕೈ ಹಿಡಿದು, ಬಹಳ ಹೊತ್ತು ಬಿಡಲೇ ಇಲ್ಲ. “ಏನ್ ಅಂಕಲ್, ಇಷ್ಟು ದಿನ ನೀವು ಬೈದೋರಿಗೇ ಥ್ಯಾಂಕ್ಸಾ?” ಎಂದಳು ಅಮೂಲ್ಯಾ. “ಮಂಡಿ ಮುರಿದಾಗ ಕ್ಲಬ್ಬಿನವರು ನನ್ನ ಕೈಬಿಟ್ಟಿದ್ರು ಕಣಮ್ಮ. ಅವರ ಹತ್ರ ಜಗಳ ಆಡಿ ಆಪರೇಷನ್ ಮಾಡಿಸಿದ್ದು ಸಂಘದ ಈ ವಕೀಲರೇ. ಇವತ್ತು ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಇವರು ಉಳಿಸಿಕೊಟ್ಟ ಕಾಲಲ್ಲೇ.”