ಒಂದನೇ ಕ್ಲಾಸಿಗೆ ಸೀಟಿದೆ, ಬನ್ನಿ!

ನಮ್ಮ ಕಡೆಯ ಬಸ್ಸಿನ ಕಂಡಕ್ಟರಮ್ಮನನ್ನು ಎಲ್ಲರೂ ಕರೆಯುವುದು ರೈಟ್‌ರೈಟ್ ಅಕ್ಕ ಎಂದೇ. ಖಾಲಿ ಸೀಟು ಕಂಡರೆ ಅವಳಿಗೆ ಮೈಯೆಲ್ಲ ಚಡಪಡಿಕೆ. ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದಳೆಂದರೆ ಮನೆಗೆ ಹೊರಟವನೂ ಪೇಟೆಗೆ ಹತ್ತಿಬಿಡಬೇಕು, ಅಂಥ ಗಂಟಲು.

ಅಂಥವಳು ಮಗಳನ್ನು ಸೇರಿಸಲು ಹೋದರೆ, ಡಿಪೋ ಹಿಂದಿನ ಶಾಲೆಯ ಹೆಡ್‌ಮಿಸ್ಸು ತಲೆಯಾಡಿಸಿದರು. "ಸೇರಿರೋದೇ ನಾಲ್ಕು ಮಕ್ಕಳು ಕಣ್ರೀ. ಹತ್ತಾದ್ರೂ ಆಗದಿದ್ರೆ ಈ ವರ್ಷ ಒಂದನೇ ಕ್ಲಾಸೇ ಇಲ್ಲ. ನಾಳೆ ಸಂಜೆವರೆಗೂ ನೋಡ್ತೀನಿ."

ಇನ್ನೊಂದು ಶಾಲೆ ಇರುವುದು ಹೆದ್ದಾರಿಯಾಚೆ. ನಸುಕಿಗೇ ಡ್ಯೂಟಿಗೆ ಹೊರಡುವವಳು ಮಗುವನ್ನು ಯಾರ ಜೊತೆ ಕಳಿಸಬೇಕು? ಮಗಳು ಹೊಸ ಬ್ಯಾಗನ್ನು ಬೆನ್ನಿನಿಂದ ಇಳಿಸದೆ ಕೇಳಿದಳು, "ಅಮ್ಮಾ, ನಂಗೆ ಸ್ಕೂಲಿಲ್ವಾ?"

"ಯಾಕಿಲ್ಲ ಪುಟ್ಟಿ? ನಾನೇನು ಸತ್ತಿದ್ದೀನಾ!"

ಮರುದಿನ ಬೆಳಿಗ್ಗೆಯೇ ಬಸ್ಸಿನ ಬಾಗಿಲಲ್ಲಿ ಅಕ್ಕನ ಕೂಗು ಶುರುವಾಯಿತು. "ಮಾರ್ಕೆಟ್, ಆಸ್ಪತ್ರೆ, ಒಂದನೇ ಕ್ಲಾಸ್! ಒಂದನೇ ಕ್ಲಾಸಿಗೆ ಸೀಟಿದೆ, ಬನ್ನಿ ಬನ್ನಿ! ಯಾರ ಮನೇಲಿದೆ ಆರು ವರ್ಷದ ಮಗು?"

ಡ್ರೈವರಣ್ಣ ಕನ್ನಡಿಯಲ್ಲಿ ಇಣುಕಿದ. "ಏನಕ್ಕಾ, ಈ ಸ್ಟಾಪು ಯಾವಾಗ ಹಾಕಿದ್ರು?"

"ನೀನು ಸುಮ್ನೆ ಓಡ್ಸಪ್ಪ. ನಿನ್ನ ಥರ ಎರಡನೇ ಕ್ಲಾಸಲ್ಲೇ ಇಳ್ಕೊಳ್ಳೋ ಮಕ್ಕಳಲ್ಲ ಇವು!"

ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನ ಸೀಟಿನ ಗಾರೆಯವನು ಕೈ ಎತ್ತಿದ. "ನಮ್ಮನೇಲಿ ಅವಳಿ ಜವಳಿ ಇದಾವೆ. ಎರಡಕ್ಕೂ ಜಾಗ ಇದ್ಯಾ?"

"ಕಿಟಕಿ ಪಕ್ಕಾನೇ ಕೊಡಿಸ್ತೀನಿ, ಸಂಜೆಯೊಳಗೆ ಡಿಪೋ ಹಿಂದಿನ ಸ್ಕೂಲಿಗೆ ಕರ್ಕೊಂಡು ಬಾರಣ್ಣ!"

ಮೀನು ಮಾರುವಾಕೆ ಮೊಮ್ಮಗನಿಗೊಂದು ಸೀಟು ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಸ್ಸಿಗಿಂತ ಮುಂದೆ ಓಡುತ್ತಿತ್ತು.

ಸಂಜೆ ಡ್ಯೂಟಿ ಮುಗಿಸಿ, ಮಗಳ ಕೈ ಹಿಡಿದು ಓಡೋಡಿ ಬಂದರೆ ಶಾಲೆಯ ಅಂಗಳ ಗಿಜಿಗಿಜಿ. ಮಕ್ಕಳು ಆಗಲೇ ಒಳಗೆ ನುಗ್ಗಿ ಬೆಂಚು ಹಿಡಿದು ಕೂತಿದ್ದವು. ಹತ್ತೆಲ್ಲಿಯ ಮಾತು, ಇಪ್ಪತ್ತರ ಮೇಲಿದ್ದವು! ಹೆಡ್‌ಮಿಸ್ಸಿಗೆ ನಗಬೇಕೋ ಅಳಬೇಕೋ ತಿಳಿಯದು.

"ಕ್ಲಾಸೇನೋ ಗ್ಯಾರಂಟಿ ಕಣ್ರೀ! ಆದ್ರೆ ಬೆಂಚೆಲ್ಲ ಭರ್ತಿ. ಈಗ ನಿಮ್ಮ ಮಗಳನ್ನೇ ಎಲ್ಲಿ ಕೂರಿಸ್ಲಿ?"

ಅಕ್ಕ ಬೆಂಚುಗಳನ್ನು ಒಂದೊಂದಾಗಿ ಎಣಿಸಿದಳು, ಒಂದೂ ಖಾಲಿ ಸೀಟಿಲ್ಲ. ಊರಿಗೆಲ್ಲ ಸೀಟು ಹಂಚಿ, ಸ್ವಂತ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿದ್ದಳು!

ಪುಟ್ಟಿ ಮಾತ್ರ ಅಮ್ಮನ ಕೈ ಬಿಡಿಸಿಕೊಂಡಳು. ಹೊಸ್ತಿಲಲ್ಲಿ ನಿಂತು ಬಾಗಿಲಿಗೆ ಪಟಪಟನೆ ಎರಡೇಟು ಬಡಿದಳು.

"ಒಳಗೆ ಹೋಗ್ರೀ, ಒಳಗೆ! ಒಬ್ರಿಗೊಬ್ರು ಒತ್ಕೊಂಡು ಕೂತ್ಕೊಳ್ಳಿ, ಇನ್ನೂ ಜನ ಇದಾರೆ!"

ಬೆಂಚಿಗೆ ಬೆಂಚೇ ಸರಿಯಿತು. ಕಿಟಕಿ ಬಳಿ ಕೂತಿದ್ದ ಅವಳಿ ಜವಳಿಗಳ ಪಕ್ಕ ಒಂದು ಬ್ಯಾಗು ಹಿಡಿಸುವಷ್ಟು ಜಾಗವಾಯಿತು. ಪುಟ್ಟಿ ಬ್ಯಾಗಿನ ಸಮೇತ ಅಲ್ಲಿ ತೂರಿಕೊಂಡು ಕೂತಳು. ಹೆಡ್‌ಮಿಸ್ಸು ನಗುನಗುತ್ತಲೇ ಅವಳ ಹೆಸರು ಬರೆದುಕೊಂಡು ತಲೆಯೆತ್ತುವಷ್ಟರಲ್ಲಿ, ಕಿಟಕಿಯ ಕಡೆಯಿಂದ ಪುಟ್ಟಿಯ ಕೂಗು ಬಂತು:

"ಮಿಸ್, ರೈಟ್ ರೈಟ್! ಹೋಗೋಣ!"